ಹುಸಿ ಕರೆ ಬಂದ ದಿನ ಗೇಟಿನ ಕೀಲಿ ಯಾರ ಹತ್ತಿರ ಇತ್ತು?

ನಾವು ಸುದ್ದಿ ಕೊಡುವ ತಾಲ್ಲೂಕಿನ ಒಂದು ಅನುದಾನಿತ ಪ್ರೌಢಶಾಲೆಗೆ ಒಂದು ದಿನ ಬೆಳಿಗ್ಗೆ ಹತ್ತೂವರೆ ಸುಮಾರಿಗೆ ಫೋನ್ ಬಂತು. ಎತ್ತಿದ್ದು ಅಟೆಂಡರ್. ಆ ಕಡೆಯಿಂದ ಒಬ್ಬ ಗಂಡಸು, ಸ್ಕೂಲಲ್ಲಿ ಬಾಂಬ್ ಇಟ್ಟಿದೀವಿ ಅಂದ. ಅಟೆಂಡರ್ ಹೆದರಿ ಫೋನ್ ಕುಕ್ಕಿಬಿಟ್ಟರು. ಹೆಡ್‌ಮಾಸ್ಟರ್ ಮೊದಲು ನಂಬಲಿಲ್ಲ. ಆಮೇಲೆ ನಂಬಿದರೂ ಏನು ಮಾಡಬೇಕೆಂದು ಗೊತ್ತಾಗದೆ ಆಡಳಿತ ಮಂಡಳಿ ಕಾರ್ಯದರ್ಶಿಗೆ ಫೋನ್ ಹಚ್ಚಿದರು. ಅವರು ಅಡಿಕೆ ಮಂಡಿಯಲ್ಲಿದ್ದರು, ಎತ್ತಲಿಲ್ಲ. ಹದಿನೈದು ಇಪ್ಪತ್ತು ನಿಮಿಷ ಹೀಗೇ ಹೋಯಿತು. ಕೊನೆಗೆ ಯಾರೋ ಉದ್ದನೆಯ ಬೆಲ್ ಹೊಡೆದರು. ಮಕ್ಕಳು ಗೇಟಿನ ಕಡೆ ಓಡಿದರು.

ಆಡು, ಮೇಕೆ ಒಳಗೆ ಬರುತ್ತವೆ ಅಂತ ದೊಡ್ಡ ಗೇಟಿಗೆ ಬೀಗ. ಬೀಗದ ಕೀಲಿ ಇದ್ದವರು ಟೀ ಕುಡಿಯಲು ಹೋಗಿದ್ದರು. ಪಕ್ಕದ ಸಣ್ಣ ಗೇಟಿನಲ್ಲಿ ಒಬ್ಬರ ಹಿಂದೆ ಒಬ್ಬರು ಹೋಗಬೇಕು. ಆ ನೂಕುನುಗ್ಗಲಿನಲ್ಲಿ ಎಂಟನೇ ಕ್ಲಾಸಿನ ಒಬ್ಬ ಹುಡುಗಿ ಬಿದ್ದಳು, ಮುಂಗೈ ಮುರಿಯಿತು. ಬಾಂಬ್ ಎಲ್ಲೂ ಇರಲಿಲ್ಲ.

ಮರುದಿನ ನಮ್ಮ ಸುದ್ದಿ ಬಂತು: 'ಶಾಲೆಗೆ ಹುಸಿ ಬಾಂಬ್ ಕರೆ, ನಿಟ್ಟುಸಿರು ಬಿಟ್ಟ ಪೋಷಕರು'. ಶ್ವಾನದಳದ ನಾಯಿಯ ಫೋಟೊ ಚೆನ್ನಾಗಿ ಬಂದಿತ್ತು. ಬೀಗದ ವಿಷಯ ಸುದ್ದಿಯಲ್ಲಿ ಇರಲಿಲ್ಲ, ಮುಂಗೈ ವಿಷಯವೂ ಇರಲಿಲ್ಲ. ಡೆಸ್ಕ್‌ನವರು ಕತ್ತರಿಸಿದರು ಅಂತ ಹೇಳಿದರೆ ಸುಳ್ಳಾಗುತ್ತದೆ, ನಾವೇ ಬರೆದಿರಲಿಲ್ಲ. ಬಾಂಬ್ ಇಲ್ಲ ಅಂದಮೇಲೆ ಸುದ್ದಿ ಮುಗಿಯಿತು ಅಂದುಕೊಂಡಿದ್ದೆವು. ಅವತ್ತು ಬಿಟ್ಟುಹೋದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಬಾಂಬ್ ಬೆದರಿಕೆ ಎಂದರೆ ಈಗಲೂ ನಮ್ಮ ತಲೆಯಲ್ಲಿ ಬರುವುದು ಬೆಂಗಳೂರು. 2023ರ ಡಿಸೆಂಬರ್ 1ರಂದು ಒಂದೇ ಬೆಳಿಗ್ಗೆ ಅಲ್ಲಿಯ 40ಕ್ಕೂ ಹೆಚ್ಚು ಶಾಲೆಗಳಿಗೆ ಇ-ಮೇಲ್ ಬಂತು. 2024ರ ಮೇ 1ರಂದು ದೆಹಲಿ ಮತ್ತು ಸುತ್ತಲಿನ 100ಕ್ಕೂ ಹೆಚ್ಚು ಶಾಲೆಗಳಿಗೆ. 2025ರ ಜುಲೈ 18ರಂದು ಮತ್ತೆ ಬೆಂಗಳೂರಿನ ಸುಮಾರು 40 ಶಾಲೆಗಳಿಗೆ. ಮೂರು ಸಲವೂ ಏನೂ ಸಿಗಲಿಲ್ಲ. ಈ ನಡುವೆ ಕೋರ್ಟು, ಆಸ್ಪತ್ರೆ, ಡಿಸಿ ಕಚೇರಿಗಳಿಗೂ ಮೇಲ್ ಬರುವುದು ಶುರುವಾಗಿ, ಇದು ಜಿಲ್ಲೆಗಳಿಗೂ ಇಳಿದಿದೆ. ಆದರೆ ದೊಡ್ಡ ಊರಿನ ಶಾಲೆಗೆ ಸೆಕ್ಯೂರಿಟಿ ಏಜೆನ್ಸಿ ಇರುತ್ತದೆ, ಡಿಸಿ ಕಚೇರಿಗೆ ಪೊಲೀಸರೇ ಇರುತ್ತಾರೆ. ತಾಲ್ಲೂಕಿನ ಮಠದ ಹಾಸ್ಟೆಲ್ಲು, ದೇವಸ್ಥಾನ ಸಮಿತಿ, ಮಸೀದಿ ಕಮಿಟಿ, ಚರ್ಚು, ಸಮುದಾಯ ಭವನ, ಸಹಕಾರ ಸಂಘದ ವಾರ್ಷಿಕ ಸಭೆ, ಸ್ತ್ರೀಶಕ್ತಿ ಸಂಘದ ಸಮಾವೇಶ, ಇವಕ್ಕೆ ಯಾರಿದ್ದಾರೆ? ಸಂಬಳ ಇಲ್ಲದ ಒಬ್ಬ ಅಧ್ಯಕ್ಷರು, ಲೆಕ್ಕ ಬರೆಯುವ ಒಬ್ಬ ಕಾರ್ಯದರ್ಶಿ, ಪೂಜೆ ಮಾಡುವವರು, ಕಸ ಹೊಡೆಯುವವರು. ಅಷ್ಟೇ. ಫೋನ್ ಎತ್ತುವವರೂ ಅವರೇ.

ಪೊಲೀಸರು ಬಂದು ನೋಡಿಕೊಳ್ಳುತ್ತಾರೆ ಬಿಡಿ ಅನ್ನುವವರಿಗೆ ಒಂದು ಮಾತು. ಠಾಣೆಯವರು ಬೇಗ ಬರುತ್ತಾರೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಬಾಂಬ್ ಪತ್ತೆ ದಳ, ಶ್ವಾನದಳ ಬರುವುದು ಜಿಲ್ಲಾ ಕೇಂದ್ರದಿಂದ. ನಮ್ಮ ತಾಲ್ಲೂಕಿನ ಗಡಿಯ ಹಳ್ಳಿಗಳಿಗೆ ಬಸ್ಸಿನಲ್ಲಿ ಎರಡು ಗಂಟೆ. ದಳದ ಜೀಪು ಎಷ್ಟೇ ಜೋರಾಗಿ ಬಂದರೂ ಅದು ಬರುವ ತನಕದ ಹೊತ್ತು ಸಂಸ್ಥೆಯವರ ಕೈಯಲ್ಲಿ ಇರುತ್ತದೆ. ಆ ಹೊತ್ತಿನಲ್ಲೇ ಮುಂಗೈ ಮುರಿಯುವುದು.

ಇನ್ನು 'ಹುಸಿ' ಎನ್ನುವ ಪದ. ನಾವೇ, ಪತ್ರಿಕೆಯವರೇ, ಅದನ್ನು ಬಳಸಿ ಬಳಸಿ ಜನರಿಗೆ ಸದರ ಮಾಡಿದ್ದೇವೆ. ಹತ್ತು ಸಲ ಹುಸಿಯಾದದ್ದು ಹನ್ನೊಂದನೇ ಸಲವೂ ಹುಸಿ ಅಂತ ಯಾರೂ ಬರೆದುಕೊಟ್ಟಿಲ್ಲ. ಮಂಗಳೂರು ವಿಮಾನ ನಿಲ್ದಾಣದ ಪ್ರಕರಣ ನೆನಪಿರಬಹುದು. 2020ರ ಜನವರಿ 20ರಂದು ಅಲ್ಲಿ ಬಿಟ್ಟುಹೋಗಿದ್ದ ಚೀಲದಲ್ಲಿ ನಿಜವಾದ ಸ್ಫೋಟಕವೇ ಇತ್ತು. ಅದನ್ನು ಕೆಂಜಾರಿನ ಬಯಲಿಗೆ ಒಯ್ದು, ಮರಳು ಮೂಟೆಗಳ ನಡುವೆ ಇಟ್ಟು ಸ್ಫೋಟಿಸಬೇಕಾಯಿತು. ಎರಡು ದಿನ ಬಿಟ್ಟು ಪೊಲೀಸರಿಗೆ ಶರಣಾದ ವ್ಯಕ್ತಿ ಯಾರು? ಅದಕ್ಕೆ ಒಂದೂವರೆ ವರ್ಷದ ಹಿಂದೆ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಹುಸಿ ಕರೆ ಮಾಡಿ ಸಿಕ್ಕಿಬಿದ್ದು ಜೈಲಿಗೆ ಹೋಗಿಬಂದವನು. ಹುಸಿ ಕರೆಯವನೇ ಮುಂದೆ ಬಾಂಬ್ ತಂದಿಟ್ಟ.

ಇದರ ಇನ್ನೊಂದು ಮಗ್ಗುಲೂ ಇದೆ. 2024ರ ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಇಟ್ಟವನು ಗಿರಾಕಿಯ ಹಾಗೆ ಬಂದ, ಚೀಲ ಬಿಟ್ಟ, ಹೋದ. ನಿಜವಾಗಿ ಸಿಡಿಸಬೇಕು ಅನ್ನುವವನು ಸಾಮಾನ್ಯವಾಗಿ ಹೇಳಿ ಬರುವುದಿಲ್ಲ. ಹಾಗಾಗಿ ಕರೆ ಬಂದ ದಿನ ಮಾತ್ರ ಎಚ್ಚರ ಇದ್ದರೆ ಸಾಲದು. ಮಂಗಳೂರಿನಲ್ಲಿ ಅವತ್ತು ಅನಾಹುತ ತಪ್ಪಿದ್ದು ವಾರಸುದಾರರಿಲ್ಲದ ಚೀಲವನ್ನು ಕಾವಲಿನವರು ಗಮನಿಸಿದ್ದರಿಂದ. ಯಾರದಪ್ಪ ಇದು ಅಂತ ಕೇಳುವ ಅಭ್ಯಾಸ ದಿನಾ ಇದ್ದರೆ ಅರ್ಧ ಕೆಲಸ ಆದ ಹಾಗೆ. ಕಲ್ಯಾಣ ಮಂಟಪದ ಮೂಲೆಯಲ್ಲಿ, ದೇವಸ್ಥಾನದ ಚಪ್ಪಲಿ ಸ್ಟ್ಯಾಂಡಿನ ಹಿಂದೆ ನಾಲ್ಕು ದಿನದಿಂದ ಬಿದ್ದಿರುವ ಚೀಲ, ಮುರುಕು ಪೆಟ್ಟಿಗೆ, ಖಾಲಿ ಪೇಂಟ್ ಡಬ್ಬಿ ಎತ್ತಿ ಹಾಕಿಬಿಟ್ಟರೆ, ಹೊಸದಾಗಿ ಏನಾದರೂ ಬಂದು ಕೂತಾಗ ಕಣ್ಣಿಗೆ ಬೀಳುತ್ತದೆ. ಗುಜರಿ ತುಂಬಿದ ಜಾಗದಲ್ಲಿ ನಾಯಿಯೂ ತಿಣುಕುತ್ತದೆ.

ಈಗ ಫೋನಿನ ವಿಷಯ. ಆ ಅಟೆಂಡರನ್ನು ನಾವು ದೂರುವುದಿಲ್ಲ. ಇಪ್ಪತ್ತೆರಡು ವರ್ಷ ಸರ್ವಿಸಿನಲ್ಲಿ ಅವರಿಗೆ ಫೋನಲ್ಲಿ ಹೀಗೆ ಮಾತಾಡಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಕುಕ್ಕಬಾರದಿತ್ತು, ಅಷ್ಟೇ. ಕರೆ ಮಾಡಿದವನು ಎಷ್ಟು ಹೊತ್ತು ಮಾತಾಡುತ್ತಾನೋ ಅಷ್ಟು ಹೊತ್ತು ಮಾತಾಡಿಸಬೇಕು. ಎಲ್ಲಿ ಇಟ್ಟಿದೀಯಪ್ಪ, ಎಷ್ಟು ಗಂಟೆಗೆ ಸಿಡಿಯುತ್ತೆ, ನೋಡೋಕೆ ಹೆಂಗಿದೆ, ಯಾಕೆ ಇಟ್ಟಿದೀಯ, ನಿನ್ನ ಹೆಸರೇನು. ಕೊನೆಯ ಪ್ರಶ್ನೆಗೆ ನಗಬೇಡಿ, ಕೇಳುವುದರಲ್ಲಿ ನಷ್ಟವಿಲ್ಲ. ಅವನು ಹೇಳಿದ್ದನ್ನು ಅವನ ಮಾತಿನಲ್ಲೇ ಬರೆದುಕೊಳ್ಳಬೇಕು, ನಮ್ಮ ಮಾತಿಗೆ ತಿರುಗಿಸಬಾರದು. ಯಾವ ಕಡೆಯ ಕನ್ನಡ, ಅಥವಾ ಬೇರೆ ಭಾಷೆಯೋ, ಹುಡುಗನೋ ವಯಸ್ಸಾದವನೋ, ಕುಡಿದಿದ್ದನೋ, ಓದಿ ಹೇಳುತ್ತಿದ್ದನೋ, ಹಿಂದೆ ಬಸ್ ಸ್ಟ್ಯಾಂಡಿನ ಅನೌನ್ಸ್‌ಮೆಂಟ್ ಕೇಳಿಸಿತೋ, ಆಜಾನೋ, ಗಿರಣಿಯ ಸದ್ದೋ. ಲ್ಯಾಂಡ್‌ಲೈನ್ ಆದರೆ ಕರೆ ಮುಗಿದ ಮೇಲೂ ರಿಸೀವರ್ ಪಕ್ಕಕ್ಕೆ ಇಟ್ಟುಬಿಡಿ, ಇನ್ನೊಂದು ಫೋನಿನಿಂದ 112ಕ್ಕೆ ಮಾಡಿ. ಮಾತಾಡುತ್ತಿರುವಾಗಲೇ ಪಕ್ಕದಲ್ಲಿದ್ದವರಿಗೆ ಚೀಟಿ ಬರೆದು ತೋರಿಸಿದರೆ ಇನ್ನೂ ಒಳ್ಳೆಯದು. ಇಷ್ಟನ್ನೂ ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಫೋನಿನ ಪಕ್ಕ ಅಂಟಿಸಲು ಡಿಟಿಪಿ ಅಂಗಡಿಯಲ್ಲಿ ಹತ್ತು ರೂಪಾಯಿ.

ಇ-ಮೇಲ್ ಬಂದರೆ ಅಳಿಸಬಾರದು, ಉತ್ತರ ಕೊಡಬಾರದು, ಅದರಲ್ಲಿರುವ ಲಿಂಕು ಒತ್ತಬಾರದು. ಮುಖ್ಯವಾಗಿ ಅದನ್ನು ಫೋಟೊ ಹೊಡೆದು ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಬಾರದು. ಎಷ್ಟೋ ಸಂಘ ಸಂಸ್ಥೆಗಳ ಮೇಲ್ ಐಡಿಯ ಪಾಸ್‌ವರ್ಡ್ ಇರುವುದು ಪೇಟೆಯ ಸೈಬರ್ ಸೆಂಟರಿನ ಹುಡುಗನ ಹತ್ತಿರ. ಮೇಲ್ ನೋಡುವುದು ಆಡಿಟ್ ಬಂದಾಗ. ಅಂಥ ಕಡೆ ಬೆದರಿಕೆ ಬಂದು ಹದಿನೈದು ದಿನ ಆದಮೇಲೆ ಗೊತ್ತಾದರೂ ಆಶ್ಚರ್ಯವಿಲ್ಲ. ತಮಾಷೆಗೆ ಹೇಳಿದ್ದಲ್ಲ. ದಿನಕ್ಕೊಮ್ಮೆ ಯಾರು ಮೇಲ್ ತೆಗೆದು ನೋಡುತ್ತಾರೆ ಎನ್ನುವುದು ಸಮಿತಿಯ ನಡಾವಳಿ ಪುಸ್ತಕದಲ್ಲಿ ಇರಲಿ.

ಎಲ್ಲಕ್ಕಿಂತ ಹೆಚ್ಚು ಹೊತ್ತು ತಿನ್ನುವುದು ಯಾರು ಹೇಳಬೇಕು ಎನ್ನುವ ಪ್ರಶ್ನೆ. ಅವತ್ತು ಹೆಡ್‌ಮಾಸ್ಟರು ಕಾರ್ಯದರ್ಶಿಯ ಫೋನಿಗೆ ಕಾದರು. ಮಕ್ಕಳನ್ನು ಹೊರಗೆ ಕಳಿಸಿ ಏನೂ ಆಗದಿದ್ದರೆ ಮಂಡಳಿಯವರು ಬೈಯುತ್ತಾರೆ ಎಂಬ ಹೆದರಿಕೆ ಅವರಿಗೆ. ನಮ್ಮ ಸಂಸ್ಥೆಗಳಲ್ಲಿ ಯಜಮಾನಿಕೆ ಒಂದು ಕಡೆ ಇರುತ್ತದೆ, ಕಟ್ಟಡದಲ್ಲಿ ದಿನಾ ಇರುವವರು ಇನ್ನೊಬ್ಬರು. ಸ್ವಾಮೀಜಿ ಪ್ರವಾಸದಲ್ಲಿರುತ್ತಾರೆ, ಧರ್ಮದರ್ಶಿಗಳು ತೋಟದಲ್ಲಿರುತ್ತಾರೆ. ಹೀಗಾಗಿ ಸ್ಥಳದಲ್ಲಿ ಇರುವವರಲ್ಲಿ ಹಿರಿಯರು ಯಾರೋ ಅವರು ಹೇಳಿದರೆ ಎಲ್ಲರೂ ಹೊರಡಬೇಕು, ಅದಕ್ಕೆ ಆಮೇಲೆ ಯಾರೂ ಅವರನ್ನು ಕೇಳುವ ಹಾಗಿಲ್ಲ, ಎಂದು ಮೊದಲೇ ಠರಾವು ಮಾಡಿ ಇಡಬೇಕು. ಅವರು ಇಲ್ಲದ ದಿನ ಯಾರು ಎನ್ನುವ ಎರಡನೇ ಹೆಸರೂ ಬೇಕು. ಈ ಒಂದು ಠರಾವು ಇದ್ದಿದ್ದರೆ ಅವತ್ತು ಇಪ್ಪತ್ತು ನಿಮಿಷ ಉಳಿಯುತ್ತಿತ್ತು.

ಹೊರಗೆ ಕಳಿಸುವುದೇ ಯಾವಾಗಲೂ ಸರಿ ಅಂತಲೂ ಅಲ್ಲ. ಅನುಮಾನದ ವಸ್ತು ಬಾಗಿಲ ಹತ್ತಿರವೇ ಇದ್ದು, ನಾಲ್ಕು ನೂರು ಮಕ್ಕಳನ್ನು ಅದರ ಪಕ್ಕದಲ್ಲೇ ಸಾಲಾಗಿ ನಡೆಸಿದರೆ ಏನು ಬಂತು? ಹಿಂದಿನ ಬಾಗಿಲು ನೋಡಬೇಕು. ಎಲ್ಲರೂ ಹೊರಗೆ ಬಂದು ಬೈಕು, ಕಾರು ನಿಲ್ಲಿಸುವ ಜಾಗದಲ್ಲೇ ಗುಂಪುಗೂಡುವುದೂ ತಪ್ಪು. 2013ರ ಏಪ್ರಿಲ್ 17ರಂದು ಬೆಂಗಳೂರಿನ ಮಲ್ಲೇಶ್ವರದಲ್ಲಿ ಸಿಡಿದದ್ದು ನಿಲ್ಲಿಸಿದ್ದ ಬೈಕಿನಲ್ಲಿ ಇಟ್ಟಿದ್ದ ಬಾಂಬ್. ಎಷ್ಟು ದೂರ ಹೋಗಬೇಕು ಎಂದು ಕೇಳುವವರಿಗೆ, ಬ್ರಿಟನ್ನಿನ ಪೊಲೀಸರು ಹೇಳುವ ಲೆಕ್ಕ ಒಂದಿದೆ: ಕೈಚೀಲದಂಥ ವಸ್ತುವಾದರೆ ಕನಿಷ್ಠ 100 ಮೀಟರ್, ಕಾರಾದರೆ 200, ಲಾರಿಯಾದರೆ 400. ಅಷ್ಟು ದೂರ ನಿಂತರೂ ಕಟ್ಟಡ ಕಣ್ಣಿಗೆ ಕಾಣುತ್ತಿದ್ದರೆ ಗಾಜಿನ ಚೂರೂ ಬರಬಹುದು. ನಡುವೆ ಗೋಡೆಯೋ ಇನ್ನೊಂದು ಕಟ್ಟಡವೋ ಇರಬೇಕು. ನಮ್ಮೂರುಗಳಲ್ಲಿ ಇದಕ್ಕೆ ಜಾಗದ ಕೊರತೆ ಇಲ್ಲ. ಪಕ್ಕದ ತೋಟ, ಎಪಿಎಂಸಿ ಪ್ರಾಂಗಣ, ಕಣ, ಯಾವುದಾದರೂ ಒಂದನ್ನು ಗೊತ್ತು ಮಾಡಿಕೊಂಡು ತೋಟದವರಿಗೆ ಒಂದು ಮಾತು ಹೇಳಿಟ್ಟರೆ ಸಾಕು.

ಹೊರಡುವಾಗ ಪ್ರತಿಯೊಬ್ಬರೂ ಅವರವರ ಚೀಲ ಕೈಗೆ ಸಿಗುವ ಹಾಗಿದ್ದರೆ ತೆಗೆದುಕೊಂಡೇ ಹೋಗಲಿ. ಬೆಂಕಿ ಬಿದ್ದಾಗ ಎಲ್ಲ ಬಿಟ್ಟು ಓಡಿ ಅನ್ನುತ್ತೇವೆ, ಇಲ್ಲಿ ಅದು ತಿರುಗಾಮುರುಗಾ. ಮುನ್ನೂರು ಸ್ಕೂಲ್ ಬ್ಯಾಗು ಒಳಗೇ ಉಳಿದರೆ ದಳದವರು ಮುನ್ನೂರು ಬ್ಯಾಗೂ ತೆಗೆದು ನೋಡಬೇಕು. ಬಿಸಿಯೂಟದ ಕೋಣೆಯಲ್ಲಿ, ದಾಸೋಹದ ಮನೆಯಲ್ಲಿ ಗ್ಯಾಸ್ ಆಫ್ ಮಾಡುವವರು ಯಾರು ಎನ್ನುವುದೂ ಗೊತ್ತಿರಬೇಕು. ಗಾಲಿಕುರ್ಚಿಯ ಹುಡುಗನನ್ನು ಯಾರು ಕರೆದೊಯ್ಯುತ್ತಾರೆ, ಹಾಸ್ಟೆಲ್ಲಿನಲ್ಲಿ ಜ್ವರ ಬಂದು ಮಲಗಿರುವವನನ್ನು ಯಾರು ಎಬ್ಬಿಸುತ್ತಾರೆ? ಆ ಗಲಾಟೆಯಲ್ಲಿ ನೆನಪಿಗೆ ಬಾರದವರು ಇವರೇ.

ಪೊಲೀಸರು ಬಂದ ಮೇಲೆ ಅವರಿಗೆ ಬೇಕಾಗುವುದು ಕಟ್ಟಡ ಬಲ್ಲವರು. ಯಾವುದು ಇಲ್ಲಿಯದು, ಯಾವುದು ಇಲ್ಲಿಯದಲ್ಲ ಅನ್ನುವುದು ಹೊರಗಿಂದ ಬಂದ ಪಿಎಸ್‌ಐಗೆ ಗೊತ್ತಾಗುವುದಿಲ್ಲ, ದಿನಾ ಕಸ ಹೊಡೆಯುವ ಅಮ್ಮನಿಗೆ ಗೊತ್ತಾಗುತ್ತದೆ. ಆ ಶಾಲೆಯಲ್ಲಿ ಅವತ್ತು ಹಾಗೇ ಆಯಿತು. ಲ್ಯಾಬಿನ ಮೂಲೆಯಲ್ಲಿ ವೈರು ಸುತ್ತಿದ ಒಂದು ಡಬ್ಬಿ ನೋಡಿ ಎಲ್ಲರೂ ಹಿಂದೆ ಸರಿದರು. ಕಸ ಹೊಡೆಯುವಾಕೆ ಹೊರಗೆ ನಿಂತೇ, ಅದು ಹೋದ ವರ್ಷದ ವಿಜ್ಞಾನ ಮೇಳದ ಮಾಡೆಲ್ ಸಾರ್, ಅಂದರು. ಆದರೂ ದಳದವರು ನೋಡಿಯೇ ಬಿಟ್ಟರು, ಅದೂ ಸರಿಯೇ. ಇಂಥವರ ಕಣ್ಣು ಬೇಕು, ಕೈ ಬೇಡ. ಸಿಕ್ಕ ವಸ್ತುವನ್ನು ಮುಟ್ಟುವುದು, ನೀರಿಗೆ ಹಾಕುವುದು, ಎತ್ತಿ ಕೆರೆ ಕಡೆಗೆ ಒಯ್ಯುವುದು, ಇಂಥ ಧೈರ್ಯ ತೋರಿಸುವ ಹುಡುಗರು ಪ್ರತಿ ಊರಿನಲ್ಲೂ ಇದ್ದಾರೆ. ಅವರನ್ನು ಹಿಡಿದು ನಿಲ್ಲಿಸಲು ಇಬ್ಬರು ಬೇಕು. ಅದರ ಪಕ್ಕ ನಿಂತು ಫೋನ್ ಮಾಡುವುದೂ ಬೇಡ, ದೂರ ಬಂದು ಮಾಡಿ. ಮತ್ತೆ ಒಳಗೆ ಹೋಗಬಹುದು ಎಂದು ಹೇಳಬೇಕಾದವರು ಪೊಲೀಸರು. ಏನೂ ಇಲ್ಲ ಬನ್ನಿ ಊಟಕ್ಕೆ ಅಂತ ಸಮಿತಿಯವರು ಕರೆಯಬಾರದು.

ಜಾತ್ರೆ, ಉರುಸು, ಮದುವೆ ಮನೆಯ ವಿಷಯ ಬೇರೆಯೇ. ಅಲ್ಲಿ ಬಾಂಬಿಗಿಂತ ಮೊದಲು ಕೊಲ್ಲುವುದು ಆ ಮಾತು. 2005ರ ಆಗಸ್ಟ್ 31ರಂದು ಬಾಗ್ದಾದಿನಲ್ಲಿ ಯಾತ್ರಿಕರು ಸೇತುವೆ ದಾಟುತ್ತಿದ್ದಾಗ ಆತ್ಮಾಹುತಿ ಬಾಂಬರ್ ಇದ್ದಾನೆ ಎಂದು ಯಾರೋ ಎಬ್ಬಿಸಿದ ಸುದ್ದಿಗೆ ನಡೆದ ಕಾಲ್ತುಳಿತದಲ್ಲಿ ಸತ್ತವರು 950ರ ಆಸುಪಾಸು. ಸೇತುವೆಯ ಮೇಲೆ ಬಾಂಬ್ ಸಿಡಿಯಲೇ ಇಲ್ಲ. 2008ರ ಆಗಸ್ಟ್‌ನಲ್ಲಿ ಹಿಮಾಚಲದ ನೈನಾದೇವಿಯಲ್ಲಿ ಗುಡ್ಡ ಕುಸಿಯುತ್ತಿದೆ ಎಂಬ ಗಾಳಿಮಾತಿಗೆ ನೂರಕ್ಕೂ ಹೆಚ್ಚು ಜನ ಹೋದರು. ಆದ್ದರಿಂದ ಮೈಕು ಹಿಡಿದವರು ಏನು ಹೇಳಬೇಕು ಎನ್ನುವುದನ್ನು ಮೊದಲೇ ಬರೆದಿಡಬೇಕು. ಬಾಂಬ್ ಎಂಬ ಪದ ಮೈಕಿನಲ್ಲಿ ಬರಬಾರದು. ಭಕ್ತರು ದಯವಿಟ್ಟು ಉತ್ತರದ ಬಾಗಿಲಿನಿಂದ ನಿಧಾನವಾಗಿ ಹೊರಗೆ ನಡೆಯಬೇಕು, ಸ್ವಯಂಸೇವಕರು ದಾರಿ ತೋರಿಸುತ್ತಾರೆ, ಅಷ್ಟು ಸಾಕು. ಜನರಿಗೆ ಸುಳ್ಳು ಹೇಳಿದಂತಾಗುವುದಿಲ್ಲವೇ ಎಂದು ನಮ್ಮಲ್ಲೇ ಜಗಳ ಆಗಿದೆ. ಸುಳ್ಳು ಹೇಳುವುದು ಬೇಡ, ಕರೆಂಟ್ ಶಾರ್ಟ್ ಆಗಿದೆ ಅಂತ ಕಥೆ ಕಟ್ಟುವುದೂ ಬೇಡ. ಮೊದಲು ದಾರಿ ಹೇಳಿ, ಹೊರಗೆ ಹೋದ ಮೇಲೆ ಕಾರಣ ಹೇಳಿ. ಸ್ವಯಂಸೇವಕರ ಕೈಯಲ್ಲಿ ಬಾಗಿಲಿನ ಕೀಲಿ ಇರಲಿ, ಬರೀ ಹಸಿರು ಶಾಲು ಇದ್ದರೆ ಸಾಲದು.

ಇನ್ನು ಬರೆಯಲು ಕಷ್ಟವಾಗುವ ವಿಷಯ. ಶಾಲೆಗೆ ಕರೆ ಬಂದ ದಿನ ಮಧ್ಯಾಹ್ನದ ಹೊತ್ತಿಗೆ ಊರಿನ ಟೀ ಅಂಗಡಿಗಳಲ್ಲಿ ಇಂಥವರದೇ ಕೆಲಸ ಅಂತ ತೀರ್ಮಾನ ಆಗಿಹೋಗಿತ್ತು. ಹೆಸರು ಹೇಳದಿದ್ದರೂ ಯಾವ ಓಣಿಯ ಕಡೆ ಕೈ ತೋರಿಸುತ್ತಿದ್ದರು ಎನ್ನುವುದು ನಮಗೂ ಗೊತ್ತಿತ್ತು, ಆ ಓಣಿಯವರಿಗೂ ಗೊತ್ತಿತ್ತು. ಅವತ್ತು ಆ ಓಣಿಯ ಕೆಲವು ಅಂಗಡಿಗಳು ಸಂಜೆ ಬೇಗ ಬಾಗಿಲು ಹಾಕಿದವು. ಇಂಥ ಬೆದರಿಕೆಗಳ ಹಿಂದೆ ಸಿಕ್ಕಿಬಿದ್ದವರು ಯಾರು ಅಂತ ನೋಡಿ. 2024ರ ಅಕ್ಟೋಬರ್‌ನಲ್ಲಿ ವಿಮಾನಗಳಿಗೆ ಸಾಲುಸಾಲು ಬೆದರಿಕೆ ಬಂದಾಗ ಮುಂಬೈ ಪೊಲೀಸರು ಹಿಡಿದವರಲ್ಲಿ ಛತ್ತೀಸಗಡದ 17 ವರ್ಷದ ಹುಡುಗನೂ ಇದ್ದ. ದುಡ್ಡಿನ ಜಗಳಕ್ಕೆ ಗೆಳೆಯನನ್ನು ಸಿಕ್ಕಿಸಲು ಹಾಗೆ ಮಾಡಿದ್ದ. 2025ರ ಜನವರಿಯಲ್ಲಿ ದೆಹಲಿ ಪೊಲೀಸರು ಪತ್ತೆಹಚ್ಚಿದ್ದು ಹನ್ನೆರಡನೇ ಕ್ಲಾಸಿನ ವಿದ್ಯಾರ್ಥಿಯನ್ನು. ಅದೇ ವರ್ಷ ಜೂನ್‌ನಲ್ಲಿ ಅಹಮದಾಬಾದ್ ಪೊಲೀಸರು ಬಂಧಿಸಿದ್ದು ಚೆನ್ನೈನ ಒಬ್ಬ ಎಂಜಿನಿಯರ್ ಮಹಿಳೆಯನ್ನು. ತಾನು ಇಷ್ಟಪಟ್ಟವನು ಬೇರೆ ಮದುವೆಯಾದ ಅಂತ ಅವನ ಹೆಸರಿನಲ್ಲಿ ಮೇಲ್ ಕಳಿಸುತ್ತಿದ್ದರು ಎಂಬುದು ಪೊಲೀಸರು ಕೊಟ್ಟ ವಿವರ. ಬೇರೆಯವರ ಹೆಸರು ಹಾಕಿ ಕಳಿಸುವುದೇ ಇದರ ಒಂದು ಪದ್ಧತಿ. ಮೇಲಿನ ಕೆಳಗೆ ಯಾವ ಹೆಸರಿದೆ, ಯಾವ ಘೋಷಣೆ ಇದೆ ಎನ್ನುವುದನ್ನು ನಂಬಿ ಊರನ್ನು ಒಡೆದುಕೊಂಡರೆ ಕಳಿಸಿದವನ ಕೆಲಸವನ್ನು ನಾವೇ ಪೂರ್ತಿ ಮಾಡಿಕೊಟ್ಟ ಹಾಗೆ. ದೇವಸ್ಥಾನ ಸಮಿತಿಯ, ಮಸೀದಿ ಕಮಿಟಿಯ, ಚರ್ಚಿನ ಹಿರಿಯರು ಒಬ್ಬರ ಫೋನ್ ನಂಬರ್ ಒಬ್ಬರು ಇಟ್ಟುಕೊಂಡು, ಒಂದು ಕಡೆ ಬೆದರಿಕೆ ಬಂದ ಗಂಟೆಯೊಳಗೆ ಮಿಕ್ಕವರು ಅಲ್ಲಿಗೆ ಹೋಗಿ ನಿಲ್ಲುವುದಾದರೆ ಟೀ ಅಂಗಡಿಯ ಮಾತು ಅಷ್ಟು ದೂರ ಹೋಗುವುದಿಲ್ಲ. ಶಾಂತಿ ಸಮಿತಿ ಸಭೆಯನ್ನು ಗಣೇಶ ಹಬ್ಬ, ಈದ್ ಮಿಲಾದಿಗೆ ಮಾತ್ರ ಕರೆಯುವ ಠಾಣೆಯವರಿಗೂ ಇದನ್ನೇ ಹೇಳುತ್ತೇವೆ.

ಆಮೇಲೆ ನಾವು. ಅವತ್ತು ಹನ್ನೊಂದು ಗಂಟೆಗೆ, ಪೊಲೀಸ್ ಜೀಪು ಶಾಲೆ ಮುಟ್ಟುವ ಮೊದಲೇ, ಶಾಲೆಯ ಹೆಸರು ಸಮೇತ 'ಬ್ರೇಕಿಂಗ್' ಅಂತ ಎಂಟು ಗ್ರೂಪುಗಳಿಗೆ ಹಾಕಿದವರಲ್ಲಿ ನಾವೂ ಒಬ್ಬರು. ಇನ್ನೊಂದು ಚಾನೆಲ್‌ನವರು ಮೊದಲು ಹಾಕಿಬಿಟ್ಟರೆ ಡೆಸ್ಕಿನಿಂದ ಫೋನ್ ಬರುತ್ತದೆ, ಸುದ್ದಿಗೆ ಇಷ್ಟು ಅಂತ ಸಿಗುವ ದುಡ್ಡೂ ಹೋಗುತ್ತದೆ. ಇದು ಸಬೂಬು ಅಲ್ಲ, ನಡೆಯುವ ರೀತಿ. ಅರ್ಧ ಗಂಟೆಯಲ್ಲಿ ಹೊಲ, ಗಾರ್ಮೆಂಟ್ಸ್, ಸಂತೆ ಬಿಟ್ಟು ಬೈಕಿನಲ್ಲಿ ಬಂದ ಅಪ್ಪ ಅಮ್ಮಂದಿರಿಂದ ಶಾಲೆಯ ಮುಂದಿನ ಕಿರಿದಾದ ರಸ್ತೆ ತುಂಬಿಹೋಯಿತು. ಜಿಲ್ಲಾ ಕೇಂದ್ರದಿಂದ ಬಂದ ದಳದ ವಾಹನ ಕ್ರಾಸ್‌ನಲ್ಲೇ ನಿಂತಿತು. ಕೈ ಮುರಿದ ಹುಡುಗಿಯನ್ನು ಒಯ್ಯಬೇಕಿದ್ದ ಆಂಬುಲೆನ್ಸ್ ಕೂಡ ಅಲ್ಲೇ. ನಿಜವಾಗಿ ಬಾಂಬ್ ಇದ್ದಿದ್ದರೆ ಅಷ್ಟೂ ಜನರನ್ನು ಗೇಟಿನ ಮುಂದೆ ತಂದು ನಿಲ್ಲಿಸಿದವರು ನಾವೇ ಆಗುತ್ತಿದ್ದೆವು.

ಅದಕ್ಕೆ ನಮ್ಮ ತಾಲ್ಲೂಕಿನ ನಾಲ್ಕೈದು ಮಂದಿ ಸ್ಟ್ರಿಂಗರ್‌ಗಳು ಕೂತು ಒಂದು ಮಾತು ಮಾಡಿಕೊಂಡೆವು. ಪೊಲೀಸರು ಸ್ಥಳ ಖಾಲಿ ಮಾಡಿಸಿದ್ದೇವೆ ಎನ್ನುವ ತನಕ ಸಂಸ್ಥೆಯ ಹೆಸರು ಹಾಕುವುದಿಲ್ಲ. ಬೆದರಿಕೆಯ ಮಾತನ್ನು ಇದ್ದ ಹಾಗೆ ಅಚ್ಚು ಮಾಡುವುದಿಲ್ಲ, ಬರೆದವನು ಬಯಸುವುದೇ ಅದನ್ನು. ಬಂಧನವಾಗುವ ಮೊದಲು ಯಾವ ಸಂಘಟನೆ, ಯಾವ ಸಮುದಾಯ ಎನ್ನುವ ಊಹೆ ಬರೆಯುವುದಿಲ್ಲ. ಮಕ್ಕಳು ಅಳುತ್ತಿರುವ ಫೋಟೊ ಹಾಕುವುದಿಲ್ಲ. ಮಕ್ಕಳನ್ನು ಎಲ್ಲಿಂದ ಕರೆದೊಯ್ಯಬೇಕು ಎನ್ನುವ ಮಾಹಿತಿ ಶಾಲೆಯವರು ಕೊಟ್ಟರೆ ಅದನ್ನು ಎಲ್ಲಕ್ಕಿಂತ ಮೊದಲು ಹಾಕುತ್ತೇವೆ. ಒಬ್ಬರು ಒಪ್ಪಲಿಲ್ಲ, ಹೊಟ್ಟೆಪಾಡು ಅಂದರು. ಅವರ ಮೇಲೆ ನಮಗೆ ಸಿಟ್ಟಿಲ್ಲ. ಡೆಸ್ಕಿನಲ್ಲಿ ಕೂತವರು ಒಪ್ಪಿದರೆ ಅವರೂ ಒಪ್ಪುತ್ತಾರೆ.

ಕಾನೂನು ಇದೆ. ಹೆಸರು ಮರೆಮಾಚಿ ಬೆದರಿಕೆ ಹಾಕಿದರೆ ಭಾರತೀಯ ನ್ಯಾಯ ಸಂಹಿತೆಯ 351(4)ರಲ್ಲಿ ಮೂಲ ಶಿಕ್ಷೆಯ ಜೊತೆಗೆ ಇನ್ನೂ ಎರಡು ವರ್ಷದ ತನಕ ಜೈಲು. ಹುಡುಗರಿಗೆ ಇದನ್ನು ಹೇಳಬೇಕು. ಪರೀಕ್ಷೆ ಮುಂದೆ ಹೋಗಲಿ ಅಂತ ಕಳಿಸುವ ಒಂದು ಮೇಲಿಗೆ ಠಾಣೆ, ಕೋರ್ಟು ಅಂತ ಎಷ್ಟು ವರ್ಷ ಅಲೆಯಬೇಕಾಗುತ್ತದೆ ಎಂಬುದನ್ನು ಪಿಎಸ್‌ಐ ಒಬ್ಬರು ಪ್ರಾರ್ಥನೆಯ ಹೊತ್ತಿಗೆ ಬಂದು ಹೇಳಿದರೆ ಐದು ನಿಮಿಷದ ಕೆಲಸ. ಆದರೆ ಸರ್ಕಾರದಿಂದ ನಾವು ಕೇಳುವುದು ಬೇರೆ. ಬಿಇಒ ಕಚೇರಿಯಿಂದ ಸುತ್ತೋಲೆ ಬರುತ್ತದೆ, ಮುನ್ನೆಚ್ಚರಿಕೆ ವಹಿಸತಕ್ಕದ್ದು ಅಂತ. ಯಾವ ಮುನ್ನೆಚ್ಚರಿಕೆ? ವರ್ಷಕ್ಕೊಮ್ಮೆ ಬೀಟ್ ಪೊಲೀಸರು ಶಾಲೆ, ಮಠ, ಭವನಗಳಿಗೆ ಬಂದು ಗೇಟು, ಮೆಟ್ಟಿಲು, ಮೀಟರ್ ಬೋರ್ಡು ನೋಡಿ, ಅಲ್ಲಿಯವರ ಜೊತೆ ಒಂದು ಸುತ್ತು ನಡೆದು, ಒಂದು ಕೈನಕ್ಷೆ ಠಾಣೆಯಲ್ಲಿ ಇಟ್ಟುಕೊಳ್ಳಲಿ. ಅದಕ್ಕೆ ಬಜೆಟ್ ಬೇಡ, ಟೆಂಡರ್ ಬೇಡ. ಬಹುಶಃ ಅದಕ್ಕೇ ಆಗುತ್ತಿಲ್ಲ.

ಹೋದ ತಿಂಗಳು ಬೇರೆ ಕೆಲಸಕ್ಕೆ ಆ ಶಾಲೆಗೆ ಹೋಗಿದ್ದೆವು. ದೊಡ್ಡ ಗೇಟಿನ ಬೀಗಕ್ಕೆ ಈಗ ಮೂರು ಕೀಲಿ ಮಾಡಿಸಿದ್ದಾರೆ. ಒಂದು ಹೆಡ್‌ಮಾಸ್ಟರ ಹತ್ತಿರ, ಒಂದು ಅಡುಗೆಯವರ ಹತ್ತಿರ, ಒಂದು ಆಫೀಸಿನ ಮೊಳೆಗೆ. ಫೋನಿನ ಪಕ್ಕ ನಾವೇ ಡಿಟಿಪಿ ಮಾಡಿಸಿ ಕೊಟ್ಟ ಹಾಳೆ ಇದೆ. ಅದರ ಅಂಚಿನಲ್ಲಿ ಯಾರೋ ಮಕ್ಕಳ ಹಾಲಿನ ಪುಡಿಯ ಲೆಕ್ಕ ಬರೆದಿದ್ದರು. ಪ್ರಶ್ನೆಗಳು ಇನ್ನೂ ಓದಲು ಬರುವಂತಿದ್ದವು. ಅಟೆಂಡರನ್ನು ಕೇಳಿದೆವು, ಈಗ ಫೋನ್ ಬಂದರೆ ಏನು ಮಾಡ್ತೀರಿ ಅಂತ. ಅವರು ಹಾಳೆ ನೋಡದೆಯೇ ಹೇಳಿದರು, "ಕುಕ್ಕಲ್ಲ ಸಾರ್. ಎಲ್ಲಿಟ್ಟಿದೀಯಪ್ಪ ಅಂತ ಕೇಳ್ತೀನಿ."